ಲೇಸಿನ ಉಂಗುರ, ಗೇಟಿನ ಕೆಂಪು ಬಟ್ಟೆ

ಟ್ಯಾಟಿಂಗ್ ಎಂದರೆ ಏನೆಂದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೇ ನನಗೊಂದು ಸಣ್ಣ ಜಂಬವಾಗಿತ್ತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ, ದೋಣಿಯಾಕಾರದ ಒಂದು ಶಟಲ್, ಅದರೊಳಗೆ ಸುತ್ತಿದ ಬಿಳಿ ದಾರ, ಅಷ್ಟೇ ಸಾಮಾನು. ಎಡಗೈ ಬೆರಳುಗಳಿಗೆ ದಾರ ಬಳಸಿಕೊಂಡು ಬಲಗೈಯ ಶಟಲನ್ನು ಅದರ ಕೆಳಗೊಮ್ಮೆ ಮೇಲೊಮ್ಮೆ ತೂರಿಸಿದರೆ ಒಂದು ಗಂಟು. ಗಂಟುಗಳು ಸಾಲಾಗಿ ಕೂತ ಮೇಲೆ ದಾರ ಎಳೆದರೆ ಆ ಸಾಲು ಬಾಗಿ ಉಂಗುರವಾಗುತ್ತದೆ. ಉಂಗುರಕ್ಕೆ ಉಂಗುರ ಸೇರಿಸುತ್ತ ಹೋದರೆ ಲೇಸು. ನೋಡಲು ಸುಲಭ. ಆದರೆ ಎಣಿಕೆ ತಪ್ಪಿದ ಉಂಗುರವನ್ನು ಒಮ್ಮೆ ಎಳೆದು ಮುಚ್ಚಿದಿರೋ, ಮತ್ತೆ ಬಿಚ್ಚಲು ಬರುವುದಿಲ್ಲ, ಕತ್ತರಿಯೇ ಗತಿ. ಹಾಗಾಗಿ ಕೈಮೇಲೆ ಉಂಗುರ ಇರುವಾಗ ನಾನು ಯಾರೊಡನೆಯೂ ಮಾತಾಡುವುದಿಲ್ಲ. ಯಾರಾದರೂ ಬಂದರೆ ನಮ್ಮ ಯಜಮಾನರು, ಮಾತಾಡಿಸ್ಬೇಡಿ, ಪೂಜೆಗೆ ಕೂತವ್ಳೆ ಎಂದು ನಗುತ್ತಿದ್ದರು.

ಕಲಿತದ್ದು ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದಾಗ, ಪಕ್ಕದ ಮಂಚದ ಹುಡುಗಿಯಿಂದ. ಮದುವೆಯಾಗಿ ಯಸಳೂರು ಕಡೆಯ ಈ ಊರಿಗೆ ಬಂದ ಮೇಲೆ ಶಟಲ್ ಟ್ರಂಕಿನ ತಳ ಸೇರಿತು. ತೋಟ, ಹಸು, ಅತ್ತೆಯ ಮಂಡಿನೋವು, ಮಕ್ಕಳ ಸ್ಕೂಲು ಎಂದು ಅದರ ನೆನಪೂ ಬರಲಿಲ್ಲ. ಮಗಳು ಕಾಲೇಜಿಗೆ ಸೇರಿ ಹೊಸ ಫೋನು ಕೊಂಡಾಗ ಅವಳ ಹಳೆಯದು ನನಗೆ ಬಂತು. ಬೇರೆ ಏನನ್ನೋ ಹುಡುಕುತ್ತಿದ್ದವಳಿಗೆ ಅದರಲ್ಲಿ ಟ್ಯಾಟಿಂಗ್ ಮಾಡುವವರದೇ ಒಂದು ಗುಂಪು ಸಿಕ್ಕಿತು. ಮೈಸೂರು, ಹುಬ್ಬಳ್ಳಿ, ಕುಂದಾಪುರ, ಮುಂಬೈಯಲ್ಲಿರುವ ಕನ್ನಡದ ಹೆಂಗಸರು. ಟ್ರಂಕು ತೆಗೆದು, ನ್ಯಾಫ್ತಲಿನ್ ವಾಸನೆ ಹೊಡೆಯುವ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿ ಶಟಲ್ ಹುಡುಕಿ ತೆಗೆದೆ. ಬೆರಳಿಗೆ ಎಲ್ಲ ನೆನಪಿತ್ತು.

ಗುಂಪು ನಡೆಸುತ್ತಿದ್ದವರು ಮೈಸೂರಿನ ನಿವೃತ್ತ ಟೀಚರೊಬ್ಬರು. ಹೊಸ ವರ್ಷಕ್ಕೆ ಅವರು ಒಂದು ಚಾಲೆಂಜ್ ಇಟ್ಟರು. ದಿನಾ ಬೆಳಿಗ್ಗೆ ಒಂದು ಮಾದರಿ ಕಳಿಸುತ್ತಾರೆ, ಅದನ್ನು ಮಾಡಿ ಫೋಟೊ ಹಾಕಬೇಕು, ತಿಂಗಳ ಕೊನೆಗೆ ಎಲ್ಲವನ್ನೂ ಜೋಡಿಸಿದರೆ ಮೇಜಿನ ಬಟ್ಟೆಯ ಅಂಚಾಗುತ್ತದೆ. ಬಹುಮಾನವಿಲ್ಲ, ಮೊದಲು ಎರಡನೆಯದು ಎಂಬ ಲೆಕ್ಕವೂ ಇಲ್ಲ. ಆ ಲೆಕ್ಕ ಇಟ್ಟುಕೊಂಡಿದ್ದು ನಾನೊಬ್ಬಳೇ. ಕುಂದಾಪುರದವರೊಬ್ಬರು ಯಾವಾಗಲೂ ಮೊದಲು ಫೋಟೊ ಹಾಕುತ್ತಿದ್ದರು. ಒಂದು ದಿನ ಅವರಿಗಿಂತ ಮುಂಚೆ ನಾನು ಹಾಕಿದೆ. ಫೋನಿನ ತುಂಬ ಹೃದಯದ ಗುರುತುಗಳು ಬಂದವು. ಎಷ್ಟು ನೀಟಾಗಿದೆ ನಿಮ್ಮ ಗಂಟು ಎಂದು ಟೀಚರು ಬರೆದರು. ಇಷ್ಟು ವರ್ಷ ಅಕ್ಕಿರೊಟ್ಟಿ ತಟ್ಟಿದ್ದಕ್ಕೆ ನೀಟಾಗಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ನನಗೆ ನಿಜಕ್ಕೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪ್ರತಿದಿನ ಮೊದಲು ಹಾಕುವುದೇ ಹಟವಾಯಿತು.

ಆದರೆ ಅದು ಕಾಫಿ ಕುಯ್ಲಿನ ಕಾಲ. ನಮ್ಮದು ಸಣ್ಣ ಹಿಡುವಳಿಗಳ ಊರು. ಕೂಲಿಯವರು ಸಿಗುವುದು ಕಷ್ಟ, ಸಿಕ್ಕವರೆಲ್ಲ ದೊಡ್ಡ ಎಸ್ಟೇಟುಗಳಿಗೆ ಹೋಗುತ್ತಾರೆ. ಹಾಗಾಗಿ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತೇವೆ, ಇವತ್ತು ನಿಮ್ಮ ತೋಟಕ್ಕೆ ನಾವು, ನಾಳೆ ನಮ್ಮ ತೋಟಕ್ಕೆ ನೀವು. ತೋಟಗಳಿರುವುದು ಇಳಿಜಾರಿನ ಕೆಳಗೆ. ಅಲ್ಲಿ ಫೋನಿಗೆ ಸಿಗ್ನಲ್ಲೇ ಇಲ್ಲ. ಊರಿನಲ್ಲಿ ಸರಿಯಾಗಿ ಸಿಗ್ನಲ್ ಸಿಗುವುದು ದಿಬ್ಬದ ಮೇಲಿರುವ ನಮ್ಮ ಮನೆಯ ಜಗಲಿಯಲ್ಲಿ, ಅದೂ ಒಂದು ಮೂಲೆಯಲ್ಲಿ. ನಮ್ಮ ಕಡೆಯ ತೋಟಗಳಿಗೆ ಕಾಡಾನೆಗಳು ಇಳಿಯುತ್ತವೆ. ಅವು ಎಲ್ಲಿವೆ ಎಂದು ಅರಣ್ಯ ಇಲಾಖೆಯ ಕಾವಲಿನವರು ಫೋನಿನ ಗುಂಪೊಂದಕ್ಕೆ ಕಳಿಸುವ ಮೆಸೇಜು ಮೊದಲು ಮುಟ್ಟುವುದು ಆ ಮೂಲೆಗೆ. ತೋಟಕ್ಕೆ ಇಳಿಯುವ ದಾರಿಯೂ ನಮ್ಮ ಗೇಟಿನ ಮುಂದೆಯೇ.

ಇದರಿಂದ ಒಂದು ಕೆಲಸ ತಾನಾಗಿ ನನ್ನ ಪಾಲಿಗೆ ಬಂದಿತ್ತು. ನಮ್ಮ ಕಡೆ ಆನೆ ಇಳಿದಿದೆ ಎಂದು ಮೆಸೇಜು ಬಂದರೆ ನಾನು ಗೇಟಿಗೆ ಕೆಂಪು ಬಟ್ಟೆ ಕಟ್ಟುತ್ತೇನೆ. ಹರಿದ ರೇಷ್ಮೆ ಸೀರೆಯ ಸೆರಗಿನ ತುಂಡು. ಕೂಗುವ ಹಾಗಿಲ್ಲ, ತಟ್ಟೆ ಬಡಿಯುವ ಹಾಗಿಲ್ಲ, ಗದ್ದಲಕ್ಕೆ ಆನೆ ಯಾವ ಕಡೆ ತಿರುಗುತ್ತದೋ ಹೇಳಲಾಗದು. ಬಟ್ಟೆ ಇದ್ದರೆ ಯಾರೂ ಇಳಿಯಬಾರದು. ದಾಟಿ ಹೋದವು ಎಂದು ಇನ್ನೊಂದು ಮೆಸೇಜು ಬಂದ ಮೇಲೆ ಬಿಚ್ಚುತ್ತೇನೆ. ಸಭೆ ಸೇರಿ ಮಾಡಿದ ಏರ್ಪಾಡಲ್ಲ. ಒಮ್ಮೆ ಕಟ್ಟಿದೆ, ಎಲ್ಲರೂ ನಿಂತರು, ಹಾಗೇ ರೂಢಿಯಾಯಿತು. ಆನೆ ಸುದ್ದಿಯ ಆ ಫೋನಿನ ಗುಂಪಿನಲ್ಲೂ ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಚಿತ್ರ ಹಾಕುವವರಿದ್ದಾರೆ, ಕಾಫಿ ರೇಟಿನ ಬಗ್ಗೆ ಜಗಳವಾಡುವವರಿದ್ದಾರೆ. ಅದನ್ನೆಲ್ಲ ದಾಟಿ ಆನೆಯ ಸುದ್ದಿ ಹುಡುಕಿ ಓದಬೇಕು. ನಾನು ಓದುತ್ತಿದ್ದೆ. ಅದೂ ನನಗೊಂದು ಜಂಬವೇ ಆಗಿತ್ತು.

ಎದುರು ಮನೆಯವಳನ್ನು ನಾನು ಅಕ್ಕ ಎನ್ನುತ್ತೇನೆ. ಸಂಬಂಧವೇನಿಲ್ಲ, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಹಾಲು ಕರೆಯಲು ಕಲಿಸಿದವಳು ಅವಳು. ಬೈಯುವುದಾದರೆ ಮುಖದ ಮೇಲೆ ಬೈಯುತ್ತಾಳೆ, ಹಿಂದೆ ಆಡುವ ಅಭ್ಯಾಸವಿಲ್ಲ. ನನ್ನ ಲೇಸನ್ನು ಒಮ್ಮೆ ತಿರುಗಿಸಿ ಮುರುಗಿಸಿ ನೋಡಿ, ಇದನ್ನ ಯಾತಕ್ಕೆ ಹಾಕ್ತಾರೆ ಎಂದು ಕೇಳಿದ್ದಳು. ಮೇಜಿನ ಬಟ್ಟೆಗೆ ಎಂದೆ. ನಿಮ್ಮನೇಲಿ ಮೇಜೆಲ್ಲೈತೆ ಎಂದಳು. ನಿಜ, ನಮ್ಮ ಮನೆಯಲ್ಲಿರುವುದು ಒಂದೇ ಮೇಜು, ಅದರ ಮೇಲೆ ಮಿಕ್ಸಿ ಇದೆ.

ಆ ದಿನ ಮುಯ್ಯಾಳಿನ ಸರದಿ ಅಕ್ಕನ ತೋಟದ್ದು. ಎಲ್ಲರಿಗಿಂತ ಮುಂಚೆ ಹೋಗಿ ಗಿಡದ ಬುಡಕ್ಕೆ ಚೀಲ ಹಾಸುವುದು ತೋಟದವರ ಕೆಲಸ. ಅವಳು ಬೇಗ ಹೊರಟಿದ್ದಳು. ನಾನು ಜಗಲಿಯ ಮೂಲೆಯಲ್ಲಿ ಕೂತಿದ್ದೆ. ಫೋನನ್ನು ಕಾಫಿಪುಡಿಯ ಡಬ್ಬಕ್ಕೆ ಒರಗಿಸಿಟ್ಟು ಅದರಲ್ಲಿ ಟೀಚರ ಮಾದರಿ ತೆರೆದಿಟ್ಟಿದ್ದೆ. ಯಜಮಾನರು ಗೊಬ್ಬರ ತರಲು ಬಾಳ್ಳುಪೇಟೆಗೆ ಹೋಗಿದ್ದರು, ಅತ್ತೆ ಒಳಗಿದ್ದರು. ಆವತ್ತಿನ ಮಾದರಿ ಕಷ್ಟದ್ದು. ಒಂದರೊಳಗೊಂದು ಉಂಗುರ, ನಡುನಡುವೆ ಸಣ್ಣ ಕುಣಿಕೆಗಳು. ಹಿಂದಿನ ದಿನ ಕುಂದಾಪುರದವರು ನನಗಿಂತ ಮೊದಲು ಹಾಕಿಬಿಟ್ಟಿದ್ದರು ಬೇರೆ.

ಉಂಗುರ ಅರ್ಧಕ್ಕೆ ಬಂದಿದ್ದಾಗ ಫೋನಿನ ಮೇಲ್ತುದಿಯಿಂದ ಒಂದು ಮೆಸೇಜಿನ ಪಟ್ಟಿ ಇಳಿಯಿತು. ಎಷ್ಟು ಗಂಟು ಹಾಕಬೇಕು ಎಂದು ಬರೆದಿದ್ದ ಜಾಗಕ್ಕೇ ಸರಿಯಾಗಿ ಬಂದು ಕೂತಿತು. ನಾನು ಕಿರುಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿದೆ. ಯಾವ ಗುಂಪಿನದು ಎಂದು ಕಣ್ಣಿಗೆ ಬಿದ್ದಿತ್ತೇ ಎಂದು ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಬಿದ್ದಿತ್ತು. ಗುಲಾಬಿ ಹೂವೇ ಇರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಗೇಟಿನ ಹತ್ತಿರ ಅಕ್ಕ ನಿಂತಳು. ತಲೆಗೆ ಟವೆಲು ಕಟ್ಟಿದ್ದಳು, ಕಂಕುಳಲ್ಲಿ ಚೀಲಗಳ ಕಟ್ಟು.

"ಮೆಸೇಜ್ ಏನಾರ ಬಂದೈತೇನೆ?"

"ಇಲ್ಲಕ್ಕ, ಹೋಗು," ಎಂದೆ. ತಲೆ ಎತ್ತಲಿಲ್ಲ. ಉಂಗುರ ಕೈಮೇಲಿತ್ತು.

ಅವಳು ಹೋದಳು. ನಾನು ಉಂಗುರ ಮುಗಿಸಿ ಎಳೆದೆ. ಚೆನ್ನಾಗಿ ಕೂತಿತು. ಉಳಿದದ್ದನ್ನೂ ಮುಗಿಸಿ, ಜಗಲಿಯ ಕಟ್ಟೆಯ ಮೇಲೆ ಬೆಳಕು ಬೀಳುವ ಕಡೆ ಹರಡಿ ಫೋಟೊ ತೆಗೆದೆ, ಕಳಿಸಿದೆ. ಆವತ್ತು ಮೊದಲನೆಯವಳು ನಾನೇ. ಹೃದಯಗಳು ಬರತೊಡಗಿದವು, ಒಂದೊಂದನ್ನೇ ನೋಡುತ್ತ ಕೂತೆ. ಅದಾದ ಮೇಲೆ ಆನೆ ಸುದ್ದಿಯ ಗುಂಪು ತೆರೆದೆ. ಮರಿಯಿರುವ ಹೆಣ್ಣಾನೆಯೊಂದು ಹಿಂಡಿನಿಂದ ಬೇರೆಯಾಗಿ ನಮ್ಮ ಕೆಳಗಿನ ತೋಟಗಳಿಗೆ ಇಳಿದಿದೆ ಎಂದು ಬರೆದಿತ್ತು. ನಾನು ಬೆರಳಿನಿಂದ ತಳ್ಳಿದ ಮೆಸೇಜು ಅದು.

ಕೆಂಪು ಬಟ್ಟೆ ಎಳೆದುಕೊಂಡು ಓಡಿದೆ. ಗೇಟಿಗೆ ಕಟ್ಟಿದೆ. ಹಿಂದೆಯೇ ಓಡಿಹೋಗಿ ಅವಳನ್ನು ತಡೆಯಬೇಕಿತ್ತು. ಹೋಗಲಿಲ್ಲ. ಇಳಿಜಾರಿನ ತಿರುವಿನವರೆಗೆ ಮಾತ್ರ ಹೋಗಿ, ಹೆದರಿ ವಾಪಸು ಬಂದೆ. ಅವಳಿಗೆ ಫೋನು ಮಾಡಿದರೆ ಸಿಗುವುದಿಲ್ಲ. ಇನ್ನೇನು ಬಂದುಬಿಡುತ್ತಾಳೆ, ಚೀಲ ಹಾಸಿ ನಮ್ಮನ್ನು ಕಾಯುತ್ತಿರುತ್ತಾಳೆ ಎಂದು ಗೇಟು ಹಿಡಿದು ನಿಂತೆ. ಮುಯ್ಯಾಳಿನ ಉಳಿದ ಹೆಂಗಸರು ಮಾತಾಡುತ್ತ ಬಂದರು, ಬಟ್ಟೆ ಕಂಡು ನಿಂತರು. ಅಕ್ಕ ಇಳಿದಿದ್ದಾಳೆ ಎಂದೆ. ಬಟ್ಟೆ ಇದ್ರೂ ಹೋದ್ಲಾ ಎಂದು ಒಬ್ಬಳು ಕೇಳಿದಳು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಆಗಲೇ ಕೆಳಗಿನಿಂದ ಆನೆ ಘೀಳಿಟ್ಟ ಸದ್ದು ಕೇಳಿಸಿತು.

ಗಂಡಸರು ಪಟಾಕಿ ಹಿಡಿದು ಇಳಿದರು. ಆನೆ ಅವಳನ್ನು ಮುಟ್ಟಿರಲಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಮರದ ಹಿಂದೆ ಮರಿಯ ಜೊತೆ ನಿಂತಿತ್ತಂತೆ. ಇವಳು ಎದುರಿಗೇ ಹೋಗಿಬಿಟ್ಟಿದ್ದಳು. ಅದು ಅಟ್ಟಿಸಿಕೊಂಡು ಬಂದಾಗ ಓಡಿ ತೋಟದಂಚಿನ ಹಳೆಯ ಕಂದಕಕ್ಕೆ ಬಿದ್ದಿದ್ದಳು. ಬಲಗೈ ಅಡಿಗೆ ಸಿಕ್ಕಿ ಮಣಿಕಟ್ಟು ಮುರಿದಿತ್ತು. ಮೇಲಕ್ಕೆ ಕರೆತರುವಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಮ್ಮ ಗೇಟಿನ ಮುಂದೆಯೇ ಜೀಪಿಗೆ ಹತ್ತಿಸಿದರು.

ಬಟ್ಟೆ ಕಟ್ಟಿತ್ತಲ್ಲ, ಯಾಕೆ ಹೋದೆ ಎಂದು ಯಾರೋ ಗದರಿದರು. ಅಕ್ಕ ಗೇಟಿನ ಕಡೆ ನೋಡಿದಳು. ಕೆಂಪು ಬಟ್ಟೆ ಅಲ್ಲಿತ್ತು. ಆಮೇಲೆ ನನ್ನನ್ನು ನೋಡಿದಳು.

"ಕಂಡೆ," ಎಂದಳು. "ಏನೂ ಆಗಲ್ಲ ಅಂತ ಇಳ್ದುಬುಟ್ಟೆ."

ಅದನ್ನು ಕೇಳಿ ನನಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ ಬಂತು. ಈ ಎರಡರ ಹಿಂದುಮುಂದು ನನಗೆ ಚೆನ್ನಾಗಿ ನೆನಪಿದೆ. ಬೇಡವೆಂದರೂ ನೆನಪಾಗುತ್ತದೆ.

ಸಕಲೇಶಪುರದಲ್ಲಿ ನೋಡಿ ಹಾಸನಕ್ಕೆ ಕಳಿಸಿದರು, ಅಲ್ಲಿ ಆಪರೇಶನ್ ಮಾಡಿ ಪ್ಲೇಟ್ ಹಾಕಿದರು. ನಾನೂ ಜೊತೆಗೆ ಹೋಗಿದ್ದೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಒಂದು ಸಲ ಫೋನು ತೆಗೆದೆ. ಮನೆಗೆ ವಿಷಯ ಹೇಳಲು ತೆಗೆದದ್ದು. ಆದರೆ ಮೊದಲು ನೋಡಿದ್ದು ನನ್ನ ಫೋಟೊಕ್ಕೆ ಇನ್ನೆಷ್ಟು ಹೃದಯ ಬಂದಿವೆ ಎಂದು. ಕುಂದಾಪುರದವರು, ಇವತ್ತು ನೀವೇ ಗೆದ್ದಿರಿ ಎಂದು ಬರೆದಿದ್ದರು. ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡೆ. ಪಕ್ಕದಲ್ಲಿದ್ದ ಭಾವ, ಅಂದರೆ ಅಕ್ಕನ ಗಂಡ, ಯಾರಮ್ಮ ಎಂದು ಕೇಳಿದರು. ಯಾರೂ ಅಲ್ಲ ಎಂದೆ.

ಅವಳು ಮನೆಗೆ ಬಂದ ಮೇಲೆ ನಾನು ದಿನಾ ಅಲ್ಲಿಗೆ ಹೋಗತೊಡಗಿದೆ. ಸಾರು ತೆಗೆದುಕೊಂಡು ಹೋಗುತ್ತಿದ್ದೆ, ಅವಳ ಹಸುವಿನ ಹಾಲು ಕರೆಯುತ್ತಿದ್ದೆ, ಅವಳಿಗೆ ತಲೆ ಬಾಚುತ್ತಿದ್ದೆ. ಎಂಥಾ ತಂಗಿಯಮ್ಮ ಸಿಕ್ಕಿದ್ದಾಳೆ ಎಂದು ಊರವರು ಹೊಗಳಿದರು. ಅಕ್ಕನಿಗೆ ಸಿಕ್ಕಿದ್ದು ಬೈಗುಳ. ಕುಯ್ಲಿನ ನಟ್ಟನಡುವೆ ಕೈ ಮುರಿದುಕೊಂಡು ಕೂತವಳನ್ನು ಅವಳ ಅತ್ತೆ ಒಂದು ಹೊತ್ತೂ ಬಿಡಲಿಲ್ಲ. ಭಾವ ಒಳ್ಳೆಯವರೇ, ಆದರೆ ಹೆದರಿದ್ದರು, ಹೆದರಿದವರ ಬಾಯಿ ಜೋರು. ಒಂದು ದಿನ ನನ್ನ ಎದುರಿಗೇ ಶುರು ಮಾಡಿದರು.

"ನೋಡಮ್ಮ, ನೀನು ಅಷ್ಟು ಕಷ್ಟಪಟ್ಟು ಬಟ್ಟೆ ಕಟ್ತೀಯ. ಇವ್ಳು ಅದನ್ನ ನೋಡ್ಕಂಡೇ ಇಳ್ದವ್ಳೆ. ಇವ್ಳ ಧಿಮಾಕಿಗೆ ಏನು ಹೇಳಾನ?"

ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಬಿಸಿ ಎನ್ನುವ ನೆಪಮಾಡಿ ಅಡುಗೆಮನೆಗೆ ಹೋದೆ. ಒಲೆಯ ಮುಂದೆ ನಿಂತು, ಈಗ ಹೊರಗೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ಭಾವ ಹಸುಗಳ ಕಡೆ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಮಾರನೆಯ ದಿನ ಅಕ್ಕನ ತಲೆ ಬಾಚಲು ಕೂತೆ. ಅವಳು ಮೆಟ್ಟಿಲ ಮೇಲೆ, ನಾನು ಅವಳ ಹಿಂದೆ. ಮುಖ ಕಾಣುವುದಿಲ್ಲವಲ್ಲ ಎಂಬ ಧೈರ್ಯ ಬಂತು. ಅಕ್ಕ, ನಾನು ಎಲ್ಲರಿಗೂ ಹೇಳಿಬಿಡುತ್ತೇನೆ, ಆವತ್ತು ಬಟ್ಟೆ ಇರಲಿಲ್ಲ, ನಾನೇ ಹೋಗು ಎಂದೆ, ಫೋನಿನಲ್ಲಿ ಮೆಸೇಜು ಇತ್ತು ಎಂದು ತೊದಲಿದೆ. ಅವಳು ತಿರುಗಿ ನೋಡಲಿಲ್ಲ.

"ಯಾರಿಗೆ ಹೇಳ್ತೀಯ? ನಂಗೆ ಗೊತ್ತಿಲ್ವ? ಕೇಳಿದ್ದು ನಾನೇ, ಹೇಳಿದ್ದು ನೀನೇ."

"ಮತ್ತ್ಯಾಕಕ್ಕ ಬಟ್ಟೆ ಇತ್ತು ಅಂದೆ?"

"ಇರ್ಲಿಲ್ಲ ಅಂದಿದ್ರೆ? ಅವ್ಳು ಕಟ್ಟಿದ್ರೆ ಕಟ್ತಾಳೆ, ಮರೆತ್ರೆ ಮರೀತಾಳೆ ಅಂತಿದ್ರು. ನಾಳೆಯಿಂದ ಬಟ್ಟೆ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಆಗೋದು. ಈಗ ನೋಡು, ಬಟ್ಟೆ ಕಂಡ್ರೆ ಒಬ್ಳೂ ದಾಟಲ್ಲ. ದಾಟಿದ್ರೆ ಹಿಂಗಾಗ್ತದೆ ಅಂತ ನನ್ನ ಕೈ ತೋರಿಸ್ತಾರೆ. ಅಷ್ಟಕ್ಕಾರ ಬರ್ಲಿ ಈ ಕೈ."

ನನ್ನ ಕಣ್ಣು ತುಂಬಿತು. ಇಂಥ ದೊಡ್ಡ ಮನಸ್ಸು ಎಂದು ಏನೋ ಹೇಳಲು ಹೋದೆ. ಅವಳು ಅಲ್ಲಿಗೇ ತಡೆದಳು.

"ನಿನ್ ಮ್ಯಾಲಿನ ಪ್ರೀತಿಗೆ ಹೇಳ್ದೆ ಅಂದ್ಕಾಬೇಡ ಕಣೆ. ನಂಗೆ ಸಿಟ್ಟೈತೆ. ಇನ್ನೂ ಐತೆ. ನೀನು ಬಾಯಿಬುಟ್ಟು ಹಗುರ ಆಗ್ಬೇಕು ಅಂತ ನಾನು ಇನ್ನೊಬ್ಳ ಜೀವ ಕಳೀಲಾ? ಸುಮ್ಕಿರು." ಹಾಗೆಂದವಳೇ, ಜಡೆ ಬಿಗಿಯಾಯಿತು, ಸಡಿಲ ಮಾಡು ಎಂದಳು.

ಸಡಿಲ ಮಾಡಿದೆ. ಬೈದು ಕ್ಷಮಿಸಿದ್ದರೆ, ಇಲ್ಲವೇ ಊರ ಮುಂದೆ ನಿಲ್ಲಿಸಿ ಮಾನ ಕಳೆದಿದ್ದರೆ ನನಗೊಂದು ದಾರಿಯಾಗುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ. ತಪ್ಪು ಒಪ್ಪಿಕೊಳ್ಳುವುದೂ ನನ್ನ ಸುಖಕ್ಕೇ ಎಂಬುದು ನನಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆದಿತ್ತು. ಅದಾದ ಮೇಲೂ ಭಾವ ಬೈದಾಗಲೆಲ್ಲ ಅವಳು ತಲೆ ತಗ್ಗಿಸಿ ಬೈಸಿಕೊಂಡಳು, ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ನನಗೆ ಅವಳು ಕೊಟ್ಟ ಶಿಕ್ಷೆ ಇದೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಇಲ್ಲ, ಅವಳಿಗೆ ನನ್ನ ಬಗ್ಗೆ ಯೋಚಿಸುವಷ್ಟು ಪುರಸೊತ್ತು ಇರಲಿಲ್ಲ. ಎಡಗೈಯಲ್ಲಿ ಅನ್ನ ಬಡಿಸುವುದು, ಎಡಗೈಯಲ್ಲಿ ಬೀಗ ತೆಗೆಯುವುದು, ಇದರಲ್ಲೇ ಅವಳ ದಿನ ಹೋಗುತ್ತಿತ್ತು.

ನಾನು ಚಾಲೆಂಜನ್ನು ಅಲ್ಲಿಗೇ ಬಿಟ್ಟೆ. ಗುಂಪಿನವರು ಒಳ್ಳೆಯವರು, ಯಾಕೆ ಕಾಣಿಸುತ್ತಿಲ್ಲ, ಆರೋಗ್ಯವೇ ಎಂದು ಕೇಳಿದರು. ನೆಟ್‌ವರ್ಕ್ ಇಲ್ಲ ಎಂದು ಬರೆದೆ. ನೆಟ್‌ವರ್ಕ್ ಇಲ್ಲದಿದ್ದರೆ ಈ ಮೆಸೇಜು ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ತಿಂಗಳು ಮುಗಿದಾಗ ಕುಂದಾಪುರದವರು ತಮ್ಮ ಅಂಚನ್ನು ಮೇಜಿನ ಮೇಲೆ ಹಾಸಿ ಫೋಟೊ ಹಾಕಿದರು. ಬಹಳ ಚೆನ್ನಾಗಿತ್ತು. ಅದಕ್ಕೊಂದು ಹೃದಯ ಕಳಿಸಿದೆ. ನನ್ನ ತುಂಡುಗಳು ಬಿಸ್ಕತ್ತಿನ ಡಬ್ಬದಲ್ಲಿದ್ದವು. ಅಕ್ಕ ಬಿದ್ದ ದಿನ ಬೆಳಿಗ್ಗೆ ಮಾಡಿದ್ದನ್ನು ಅದರಿಂದ ತೆಗೆದು ಕತ್ತರಿ ಹಾಕಿದೆ. ಟ್ಯಾಟಿಂಗಿನ ಗಂಟು ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಎರಡು ತುಂಡಾಗಿ ಹಾಗೇ ಡಬ್ಬದಲ್ಲಿದೆ.

ಶಟಲನ್ನು ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮಳೆಗಾಲ ಕಳೆಯುವ ಹೊತ್ತಿಗೆ ಕೈ ತಡೆಯಲಿಲ್ಲ. ಈಗ ಮಧ್ಯಾಹ್ನ ಎಲ್ಲರೂ ತೋಟದಿಂದ ಮೇಲೆ ಬಂದ ಮೇಲೆ, ಒಳಗಿನ ಕೋಣೆಯಲ್ಲಿ ಕೂತು ಸ್ವಲ್ಪ ಹೊತ್ತು ಮಾಡುತ್ತೇನೆ. ಜಗಲಿಯಲ್ಲಿ ಕೂರುವುದಿಲ್ಲ. ಮಾಡುವಾಗ ಹಿತವಾಗುತ್ತದೆ. ಹಿತವಾದದ್ದು ಗೊತ್ತಾದ ಕೂಡಲೇ ಎದ್ದು ಬೇರೆ ಕೆಲಸ ಹುಡುಕುತ್ತೇನೆ.

ಇದನ್ನು ಬರೆಯಲೇ ಎಂದು ಅಕ್ಕನನ್ನು ಕೇಳಿದೆ. ನಮ್ಮೂರಿಗೆ ಯಾವ ಪುಸ್ತಕ ಬರ್ತದೆ, ಬರ್ಕೋ, ಹೆಸರು ಮಾತ್ರ ಹಾಕ್ಬೇಡ ಎಂದಳು. ಸಿಟ್ಟು ಇಳಿದಿದೆಯಾ ಎಂದು ಕೇಳಲು ಧೈರ್ಯವಾಗಲಿಲ್ಲ.

ಈಗ ಮತ್ತೆ ಕುಯ್ಲು. ಅಕ್ಕನ ಕೈ ಕೂಡಿದೆ, ಮಣಿಕಟ್ಟು ಮಾತ್ರ ಸ್ವಲ್ಪ ಓರೆ. ಹಣ್ಣು ಬಿಡಿಸುತ್ತಾಳೆ, ಮೊದಲಿನಷ್ಟು ಚುರುಕಿಲ್ಲ. ಬೆಳಿಗ್ಗೆ ಮೆಸೇಜುಗಳನ್ನು ಒಂದು ಸಲ ಓದಿ, ನಂಬಿಕೆ ಸಾಲದೆ ಇನ್ನೊಂದು ಸಲ ಓದಿ, ನಾನು ಗೇಟಿನಲ್ಲೇ ನಿಂತಿರುತ್ತೇನೆ. ಹೆಂಗಸರು ಗುಂಪಾಗಿ ಬರುತ್ತಾರೆ, ಗೇಟಿನ ಕಡೆ ನೋಡುತ್ತಾರೆ, ಬಟ್ಟೆ ಇಲ್ಲದಿದ್ದರೆ ಮಾತು ನಿಲ್ಲಿಸದೆ ಇಳಿದುಹೋಗುತ್ತಾರೆ. ಅಷ್ಟು ನಂಬಿಕೆ ಅವರಿಗೆ.

ಅಕ್ಕ ಕೊನೆಯಲ್ಲಿ ಬರುತ್ತಾಳೆ. ಮೆಸೇಜು ಬಂದೈತಾ ಎಂದು ಆವತ್ತಿನಿಂದ ಒಂದು ಸಲವೂ ಕೇಳಿಲ್ಲ. ಗೇಟಿನ ಕಡೆಯೂ ನೋಡುವುದಿಲ್ಲ. ಅವಳು ನೋಡುವುದು ನನ್ನ ಕೈಗಳನ್ನು. ನಾನು ಎರಡೂ ಕೈ ಬಿಡಿಸಿ ತೋರಿಸುತ್ತೇನೆ. ನೋಡಿಕೊಂಡು ಅವಳು ತೋಟಕ್ಕೆ ಇಳಿಯುತ್ತಾಳೆ.